ಲೈಬ್ರರಿ ಮೇಡಂ ನಗಬಾರದಿತ್ತು

ಮೇಲಿನ ಮನೆಗೆ ಹೊಸಬರು ಬರುತ್ತಾರೆಂಬ ಸುದ್ದಿಯನ್ನು ಕಾಜಾ ಅಕ್ಕನಿಗೆ ಮುಟ್ಟಿಸಿದವರು ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರ್. ಗಂಡ ತೀರಿಕೊಂಡ ಮೇಲೆ ಅವಳು ಆ ಅಂಗಡಿಯಲ್ಲೇ ಅಂಗಿಗಳಿಗೆ ಕಾಜಾ ಹೊಲಿದು, ಗುಂಡಿ ಹಚ್ಚಿ ಜೀವನ ಸಾಗಿಸುತ್ತಿದ್ದಳು.

"ಲೈಬ್ರರಿಯಿಂದ ರಿಟೈರ್ ಆದ ಮೇಡಂ ಅಕ್ಕಾ, ಹುಷಾರು! ಸಿಕ್ಕಿದವರಿಗೆಲ್ಲ ಒಂದೇ ಪುಸ್ತಕ ಓದಿ ಅಂತ ಗಂಟು ಬೀಳ್ತಾರೆ. ಯಾರೋ ವಿಮಾನ ಹಾರಿಸಿದ ಹೆಂಗಸಿನ ಆತ್ಮಕಥೆಯಂತೆ. ಅಳತೆ ಕೊಡೋಕೆ ಬಂದು ನನ್ನ ತಲೆ ಅರ್ಧ ಗಂಟೆ ಕೊರೆದ್ರು."

"ನಾನು ನಾಲ್ಕನೇ ಕ್ಲಾಸು. ನನ್ನ ತಂಟೆಗೆ ಬರಲ್ಲ ಬಿಡಿ," ಎಂದು ಅಕ್ಕ ಹಲ್ಲಿನಲ್ಲಿ ದಾರ ಕಡಿದಳು.

ಮೇಲಿನ ಮನೆಗೆ ಬಂದ ಮೂರನೇ ದಿನವೇ ಮೇಡಂ ಅಕ್ಕನ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಪುಸ್ತಕ.

"ಹಳೇದು ಕಣಮ್ಮ, ಆದ್ರೆ ಸಾಹಸ ಅಂದ್ರೆ ಇದು! ಹೆಂಗಸರು ಸೈಕಲ್ ಹತ್ತಿದ್ರೇ ಜನ ನಗ್ತಿದ್ದ ಕಾಲ. ಇವಳು ಬಟ್ಟೆ ಹೊದಿಸಿದ ಮರದ ವಿಮಾನದಲ್ಲಿ ಒಬ್ಬಳೇ ಬೆಟ್ಟ ದಾಟ್ತಾಳೆ. ಕೆಟ್ಟರೆ ರಿಪೇರಿನೂ ಅವಳದೇ. ಅಷ್ಟಾದ್ರೂ ಒಂದು ಚೂರು ಜಂಬ ಇಲ್ಲ."

ಅಕ್ಕ ಹೂಂಗುಟ್ಟಿದಳೇ ಹೊರತು ಪುಸ್ತಕ ಮುಟ್ಟಲಿಲ್ಲ. ಸ್ನೇಹ ಬೆಳೆಯಿತು, ಸಂಜೆಯ ಹರಟೆ ಬೆಳೆಯಿತು. ಪುಸ್ತಕದ ಮಾತು ಬಂದರೆ ಮಾತ್ರ ಅವಳಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಹೀಗೇ ಎರಡು ವರ್ಷ.

ಮೇಡಂಗೆ ಒಂದು ಕಣ್ಣು ಮೊದಲೇ ಹೋಗಿತ್ತು. ಇನ್ನೊಂದಕ್ಕೂ ಪೊರೆ ಬಂತು. ಆಪರೇಷನ್ ಮಾಡಿದ ಡಾಕ್ಟರು, "ಪಟ್ಟಿ ಬಿಚ್ಚೋವರೆಗೆ ಏನೂ ಹೇಳಕ್ಕಾಗಲ್ಲ. ಕೆಮ್ಮಬಾರದು, ಅಲುಗಾಡಬಾರದು" ಎಂದರು. ಹಿಂದೆ ಮುಂದೆ ಯಾರೂ ಇಲ್ಲದ ಜೀವ. ಅಕ್ಕ ಕೆಲಸಕ್ಕೆ ರಜೆ ಹಾಕಿ ಮಂಚದ ಪಕ್ಕ ಕುಳಿತಳು.

"ಇದೂ ಕೈಕೊಟ್ರೆ ನನ್ನ ಓದು ಮುಗೀತು ಕಣೇ. ಸದ್ಯಕ್ಕೆ ಆ ಪುಸ್ತಕ ನೀನೇ ಓದಿ ಹೇಳು."

ಇಲ್ಲವೆನ್ನಲು ಬಾಯಿ ಬರಲಿಲ್ಲ. ಕಾಜಾ ಹೊಲಿದ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮೂರನೇ ದಿನ ಮಧ್ಯಾಹ್ನ ವಿಮಾನ ಮಂಜಿನಲ್ಲಿ ಸಿಕ್ಕಿಕೊಂಡಿತು. ಕೆಳಗೆ ನೆಲ ಕಾಣದು, ಪೆಟ್ರೋಲು ತಳ ಮುಟ್ಟಿದೆ. ಅಕ್ಕ ಪುಸ್ತಕ ಮುಚ್ಚಿಬಿಟ್ಟಳು.

"ಯಾಕೆ ನಿಲ್ಲಿಸಿದೆ?"

"ನನ್ನ ಕೈಲಾಗಲ್ಲ ಮೇಡಂ. ಇಲ್ಲೇ ತಾನೇ ಪಾಪ, ಸಾಯೋದು?"

"ಸತ್ತಿದ್ರೆ ಪುಸ್ತಕ ಯಾರೇ ಬರೀತಿದ್ರು?"

"ಆತ್ಮಕಥೆ ಅಂತ ಕಟಿಂಗ್ ಮಾಸ್ಟರ್ ಅಂದ್ರಲ್ಲ! ಸತ್ತ ಮೇಲೆ ಅವಳ ಆತ್ಮ ಬಂದು ಯಾರ ಕೈಲೋ ಬರೆಸಿದ್ದು ಅಂದ್ಕೊಂಡೆ. ಅದಕ್ಕೇ ಇಷ್ಟು ದಿನ ಅದನ್ನ ಮನೆಯೊಳಗೆ ಬಿಟ್ಕೊಂಡಿಲ್ಲ."

ಮೇಡಂ ತುಟಿ ಕಚ್ಚಿದರು. ತಡೆಯಲಾಗಲಿಲ್ಲ. ಮಂಚ ಕಿರುಗುಟ್ಟುವಂತೆ ನಕ್ಕರು. ನರ್ಸ್ ಓಡಿಬಂದು, "ಏನಮ್ಮಾ, ಇವರ ಕಣ್ಣಿನ ಹೊಲಿಗೆ ಬಿಚ್ಚಿಕೊಂಡ್ರೆ ನೀವು ಹಾಕ್ತೀರಾ?" ಎಂದು ಅಕ್ಕನನ್ನೇ ಗದರಿದಳು.

ಎಳೆದರೆ ಹೊಲಿಗೆ ಏನಾಗುತ್ತದೆಂದು ಅಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತನ್ನ ಹಾಳು ನಾಲಿಗೆ ಮೇಡಂ ಕಣ್ಣನ್ನೇ ತಿಂದಿತೆಂದು ಕೊರಗಿದಳು.

ಮರುದಿನ ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿ, ಬೆರಳು ಹಿಡಿದು, "ಎಷ್ಟು?" ಎಂದರು.

ಮೇಡಂ ಕಣ್ಣು ಪಿಳುಕಿಸಿದರು. ಮತ್ತೊಮ್ಮೆ ಪಿಳುಕಿಸಿದರು. ಅಕ್ಕ ಗೋಡೆ ಹಿಡಿದುಕೊಂಡಳು.

"ಎರಡು. ಒಂದಕ್ಕೆ ಇಂಕು ಅಂಟಿದೆ, ತೊಳ್ಕೊಳ್ಳಿ ಡಾಕ್ಟ್ರೇ."

ಹೋದ ಜೀವ ಬಂದಂತಾಗಿ ಅಕ್ಕ ಸ್ಟೂಲಿನ ಮೇಲೆ ಕುಸಿದಳು. ಅಳುತ್ತಲೇ ನಕ್ಕಳು. ಪುಸ್ತಕವನ್ನು ಮೇಡಂ ಮುಂದೆ ಹಿಡಿದರೆ ಅವರು ಹಿಂದಕ್ಕೆ ತಳ್ಳಿದರು. ಮುಂದೆಲ್ಲ ಅವರು ತಾವೇ ಓದಿಕೊಂಡರು; ಓದಿ ಹೇಳೆಂದು ಅವಳನ್ನು ಕೇಳಿದ್ದು ಅದೇ ಕೊನೆ:

"ಇವತ್ತೊಂದಿನ ಕಣ್ಣಿಗೆ ರಜೆ. ನೀರು ಕುಡಿದು ಕೂತ್ಕೊಂಡು ಅವಳನ್ನ ಕೆಳಗಿಳಿಸೇ ಪುಣ್ಯಾತ್ಗಿತ್ತಿ, ನಿನ್ನೆಯಿಂದ ಮಂಜಲ್ಲೇ ಸುತ್ತುತಾ ಇದ್ದಾಳೆ."