ಸಾಕು ಎಂಬ ಒಂದು ಮಾತು

ನಿಮ್ಮ ಮನೆಯಲ್ಲಿ ಊಟಕ್ಕೆ ಕುಳಿತವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ‘ಸಾಕು’ ಎಂದಾಗ, ನೆಪ ಹೇಳುತ್ತಿದ್ದಾರೆಂದು ನೀವು ಅವರನ್ನು ಎಂದಾದರೂ ಗದರಿಸಿದ್ದೀರಾ?

ಹಾಗೆ ಗದರಿಸಿಕೊಂಡ ಒಬ್ಬ ಯುವಕನನ್ನು ನಾನು ಬಲ್ಲೆ. ಅಂಗವಿಕಲರಿಗೆ ಉದ್ಯೋಗ ಹುಡುಕಿಕೊಟ್ಟು, ಅಲ್ಲಿ ಅವರು ನೆಲೆಯೂರುವವರೆಗೆ ಜೊತೆಗಿದ್ದು ಕಲಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ದುಡಿಯುತ್ತೇನೆ. ಈ ಕೆಲಸದವರಿಗೆ ಜಾಬ್ ಕೋಚ್ ಎನ್ನುತ್ತಾರೆ. ಕನ್ನಡವೂ ತೆಲುಗೂ ಬೆರೆತ ಗಡಿಯೂರು ಜಹೀರಾಬಾದಿನ ಒಂದು ಬಾಡಿಗೆ ಸಭಾಂಗಣದಲ್ಲಿ ನಮಗೆಲ್ಲ ತರಬೇತಿ ನಡೆಯಿತು. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನಾದ ನನಗೆ ಆ ಪಾಠಗಳು ಹಿಡಿಸಿದವು, ಅವುಗಳಲ್ಲಿ ತರ್ಕವಿತ್ತು. ಯಾವ ಕೆಲಸವನ್ನಾದರೂ ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು, ಒಂದೊಂದನ್ನೇ ಕೈಹಿಡಿದು ಕಲಿಸಬೇಕು, ಕಲಿತದ್ದು ಖಚಿತವಾದೊಡನೆ ಹಿಂದೆ ಸರಿಯಬೇಕು. ನೆರಳಿನಂತೆ ಅಂಟಿಕೊಂಡು ನಿಲ್ಲುವುದು ಕರುಣೆಯಲ್ಲ, ಅವಮಾನ ಎಂದರು ತರಬೇತುದಾರರು. ಈಗಲೂ ಆ ಮಾತನ್ನು ನಾನು ಒಪ್ಪುತ್ತೇನೆ.

ಪಾಠ ತೆಲುಗಿನಲ್ಲಿತ್ತು, ತೆರೆಯ ಮೇಲಿನ ಬರಹ ಇಂಗ್ಲಿಷಿನಲ್ಲಿ. ಒಂದು ಬೆಳಿಗ್ಗೆ ತರಬೇತುದಾರರು ಹಲಗೆಯ ಮೇಲೆ ‘ಸಾಕುಲು ಚೆಪ್ಪಕು’ ಎಂದು ತೆಲುಗಿನಲ್ಲಿ ಬರೆದರು. ತೆಲುಗಿನಲ್ಲಿ ಸಾಕು ಎಂದರೆ ನೆಪ; ನೆಪ ಹೇಳಬೇಡ ಎಂದು ಅದರರ್ಥ. ಕೆಲಸಕ್ಕೆ ಸೇರುವವರಿಗೂ ಸೇರಿಸುವವರಿಗೂ ಅದೇ ಮೊದಲ ನಿಯಮವಂತೆ. ಮೊಗುಡಂಪಲ್ಲಿಯ ನಮ್ಮ ಹಿರಿಯ ಸಹೋದ್ಯೋಗಿ ಹಿಂದಿನ ಸಾಲಿನಿಂದ ಕೈಯೆತ್ತಿದರು.

“ಸರ್, ಒಂದ್ ಮಾತ್ ರೀ. ನಮ್ಮ ಮನ್ಯಾಗ ಸಾಕು ಅಂದ್ರ ನೆಪ ಅಲ್ರಿ, ಹೊಟ್ಟಿ ತುಂಬ್ಯಾದ ಅಂತ. ನೀವು ಹೀಂಗ ಬೋರ್ಡಿನ ಮ್ಯಾಲೆ ಬರದ್ರ ಮಧ್ಯಾಹ್ನದ ಊಟ ಯಾರ್ ಬಡಸ್ತಾರ ನಮಗ?”

ಸಭಾಂಗಣವೆಲ್ಲ ನಕ್ಕಿತು. ಅದೇ ವರ್ಷ ಕೆಲಸಕ್ಕೆ ಸೇರಿದ್ದ, ತೆಲುಗು ಮಾತ್ರ ಬಲ್ಲ ಒಬ್ಬ ಯುವತಿ ಪಕ್ಕದವರಿಂದ ಅರ್ಥ ಕೇಳಿ ತಿಳಿದು, ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕಳು. ತರಬೇತುದಾರರೂ ನಕ್ಕು, ಹಲಗೆ ಒರೆಸಿ, ಮುಂದಿನ ಪಾಠಕ್ಕೆ ಹೋದರು.

ತರಬೇತಿ ಮುಗಿದ ಮೇಲೆ ಆ ಯುವತಿಗೆ ಮೊದಲು ಒಪ್ಪಿಸಿದ್ದು ನಾರಾಯಣಖೇಡದ ಆಚೆ ಮನೂರಿನ ಕಡೆಯ ಆ ಯುವಕನನ್ನು. ಬುದ್ಧಿಯ ಬೆಳವಣಿಗೆ ನಿಧಾನವಾಗಿದ್ದವನು, ಇಪ್ಪತ್ತು ದಾಟಿದವನು, ಗಟ್ಟಿ ಮೈಯವನು. ಮನೆಮಾತು ಕನ್ನಡ, ಅದೂ ಕೆಲವೇ ಮಾತುಗಳು. ಒಮ್ಮೆ ಕಲಿಸಿದ್ದನ್ನು ಮಾತ್ರ ಎಂದಿಗೂ ಬಿಡುತ್ತಿರಲಿಲ್ಲ. ಅವನ ಸೋದರಮಾವ ತಾಂಡೂರಿನಲ್ಲಿ ಕಿರಾಣಿ ಅಂಗಡಿ ಇಟ್ಟವರು. ಅಲ್ಲಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಕೆಲಸ ಖಾಲಿಯಿದೆಯೆಂದು ಹೇಳಿಕಳಿಸಿದ್ದೂ ಅವರೇ. ತಾಯಿ ಮಗನೊಂದಿಗೆ ಬಂದು ಅಣ್ಣನ ಮನೆಯಲ್ಲಿ ಇಳಿದಳು. ಅವನ ಕೋಚ್ ಆದ ಆ ಯುವತಿ ಆ ಮನೆಗೆ ಹೋಗಿ, ಯುವಕನ ಸ್ವಭಾವ, ಅಭ್ಯಾಸ, ಆರೋಗ್ಯ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಕೊಂಡಳು. ಕೇಳಿದ್ದು ತೆಲುಗಿನಲ್ಲಿ, ಉತ್ತರಿಸಿದ್ದು ತೆಲುಗು ಬಲ್ಲ ಮಾವ. ತಾಯಿ ಒಳಗೆ ಚಹಾ ಕಾಸುತ್ತಿದ್ದಳು.

ಮಿಲ್ಲಿನ ಕೆಲಸ ಅವನಿಗೆ ಹೇಳಿ ಮಾಡಿಸಿದಂತಿತ್ತು. ಮೇಲಿನ ಕೊಳವೆಯಿಂದ ಬೇಳೆ ಸುರಿಯುತ್ತದೆ. ಇವನು ಕೆಳಗೆ ಚೀಲದ ಬಾಯಿ ಹಿಡಿದು ನಿಲ್ಲಬೇಕು. ಚೀಲದ ಒಳಬದಿಯ ಕೆಂಪು ಗೆರೆಯ ಮಟ್ಟಕ್ಕೆ ಬೇಳೆ ಬಂದೊಡನೆ ಕೂಗಬೇಕು; ಚೀಲ ಕಾಣದಷ್ಟು ಎತ್ತರದಲ್ಲಿ ನಿಂತ ಹಮಾಲಿ ಆ ಕೂಗಿಗೆ ಕೊಳವೆ ಮುಚ್ಚುತ್ತಾನೆ. ಕೋಚ್ ಅವನಿಗೆ ಹಿಡಿಯುವುದನ್ನು, ನೋಡುವುದನ್ನು, ಕೂಗುವುದನ್ನು ಕಲಿಸಿದಳು. ಏನೆಂದು ಕೂಗಬೇಕೆಂಬುದನ್ನು ಯಾರೂ ಕಲಿಸಬೇಕಾಗಲಿಲ್ಲ. ತಾಯಿ ಬಡಿಸುವಾಗ ತಾನು ಹೇಳುತ್ತಿದ್ದ ಮಾತನ್ನೇ ಅವನು ಕೂಗಿದ: “ಸಾಕು!” ಮೇಲಿದ್ದ ಹಮಾಲಿಗೂ ಆಗಿನ ಮೇಲ್ವಿಚಾರಕರಿಗೂ ಕನ್ನಡ ಬರುತ್ತಿತ್ತು. ನಾನೊಮ್ಮೆ ಹೋಗಿ ನೋಡಿದಾಗ ಗೆರೆಗಿಂತ ಒಂದು ಹಿಡಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಪ್ರತಿ ಸಲ ಕೂಗಿ ಅವನು ಸುತ್ತಲೂ ನೋಡಿ ನಗುತ್ತಿದ್ದ. ಕಲಿತದ್ದು ಖಚಿತವಾಯಿತೆಂದು ಕೋಚ್ ನಿಯಮದಂತೆ ಹಿಂದೆ ಸರಿದಳು. ಆಮೇಲಿನ ವಿಚಾರಣೆಯೆಲ್ಲ ಫೋನಿನಲ್ಲಿ, ಮಾವನೊಂದಿಗೆ.

ಅಷ್ಟರಲ್ಲಿ ಮೇಲ್ವಿಚಾರಕರು ಬದಲಾದರು. ಹೊಸಬರು ದೂರದ ಜಿಲ್ಲೆಯವರು, ಕನ್ನಡದ ಗಾಳಿಯೂ ಸೋಕದವರು. ಕೆಲಸ ಯಾಕೆ ನಿಂತಿತು ಎಂದು ಅವರು ತೆಲುಗಿನಲ್ಲಿ ಕೇಳಿದಾಗ, ಇವನು ತುಂಬಿದ ಚೀಲ ತೋರಿಸಿ “ಸಾಕು” ಎಂದ. ಅವರಿಗೆ ಕೇಳಿಸಿದ್ದು ‘ನೆಪ’. ಮತ್ತೆ ಕೇಳಿದರು, ಇವನು ಇನ್ನೂ ಜೋರಾಗಿ ಅದನ್ನೇ ಕೂಗಿದ. ತಮ್ಮೆದುರೇ ನಿಂತು ತಮ್ಮನ್ನು ಅಣಕಿಸುತ್ತಾನೆಂದು ಅವರು ಕೆರಳಿದರು. ದಿನವೂ ಇದೇ ಆಯಿತು. ಕೆಲವು ಹಮಾಲಿಗಳು ಅವನಿಗೆ ‘ಸಾಕು ಸಾಬ್’ ಎಂದು ಅಡ್ಡಹೆಸರಿಟ್ಟು ಮಜಾ ತೆಗೆದುಕೊಂಡರು. ಕೊನೆಗೆ ಮೇಲ್ವಿಚಾರಕರು ಅವನನ್ನು ಗೋಡೆಗೆ ನಿಲ್ಲಿಸಿ, ಅವನದೇ ಬೆರಳನ್ನು ಅವನ ತುಟಿಯ ಮೇಲೆ ಒತ್ತಿ, ಇನ್ನು ಬಾಯಿ ಬಿಡಕೂಡದೆಂದು ಕಲಿಸಿದರು. ಅವನು ಕಲಿತ. ಕೂಗು ನಿಂತಿತು, ಬೇಳೆ ಚೆಲ್ಲಿತು, ಅವನನ್ನು ಮನೆಗೆ ಕಳಿಸಿದರು.

ಸುದ್ದಿ ನಮಗೆ ಮುಟ್ಟಿದಾಗ ನಾನು ಕೋಚ್ ಜೊತೆ ತಾಂಡೂರಿಗೆ ಧಾವಿಸಿದೆ. ಯಾಕೆ ಯಾರೂ ಬಿಡಿಸಿ ಹೇಳಲಿಲ್ಲವೆಂದು ಕೊಳವೆಯ ಹಮಾಲಿಯನ್ನು ಕೇಳಿದೆ.

“ಏನ್ ಹೇಳೂದ್ರಿ? ಅವ್ರು ಹೊಸಾ ಸಾಹೇಬ್ರು. ನಡುವ ಬಾಯಿ ಹಾಕಿದ್ರ ನಾಳೆ ನನ್ನ ಬಾಯಿಗೂ ಬೆರಳು ಬರ್ತದ.”

ಮೇಲ್ವಿಚಾರಕರಿಗೆ ಹೇಳಲು ನಾನು ದೀರ್ಘವಾದ ವಾದವೊಂದನ್ನು ಹೊಂದಿಸಿಕೊಂಡಿದ್ದೆ. ಅದು ಬೇಕಾಗಲೇ ಇಲ್ಲ. ಹೊಟ್ಟೆ ತುಂಬಿದಾಗ ತೆಲುಗಿನಲ್ಲಿ ನೀವು ‘ಚಾಲು’ ಎನ್ನುವುದನ್ನೇ ಅವನು ಕನ್ನಡದಲ್ಲಿ ಹೇಳುತ್ತಿದ್ದನೆಂದೊಡನೆ ಅವರ ಮುಖ ಇಳಿಯಿತು.

“ಅರೆ! ಹಮ್ಕೋ ಕ್ಯಾ ಮಾಲೂಮ್, ಸಾಬ್,” ಎಂದರು, ಕನ್ನಡದವರಿಗೆ ಹಿಂದಿಯಾದರೆ ತಿಳಿದೀತೆಂದುಕೊಂಡು, ತಮಗೆ ಅಷ್ಟಾಗಿ ಬಾರದ ಹಿಂದಿಯಲ್ಲಿ. ನನಗೇನು ಗೊತ್ತು ಎಂಬ ಆ ಮಾತಿನಲ್ಲಿ ಕಪಟವಿರಲಿಲ್ಲ. ಆಗಲೇ ಹೇಳಿಕಳಿಸಿ, ಯುವಕನನ್ನು ಕರೆಸಿ, ತಾವೇ ಚೀಲ ಹೊಂದಿಸಿಕೊಟ್ಟರು.

ಕೊಳವೆ ತೆರೆಯಿತು. ಬೇಳೆ ಕೆಂಪು ಗೆರೆ ಮುಟ್ಟಿತು. ಅವನು ಗೆರೆಯನ್ನೇ ನೋಡುತ್ತಿದ್ದ, ನಾನು ಬಲ್ಲೆ. ಗೆರೆ ಮುಳುಗಿದ ಕ್ಷಣದಲ್ಲೇ ಅವನ ಬೆರಳು ತುಟಿಗೆ ಹೋಯಿತು. ಚೀಲ ತುಂಬಿ, ಬಾಯಿಂದ ಹೊರಚೆಲ್ಲಿ, ಅವನ ಪಾದಗಳು ಬೇಳೆಯಲ್ಲಿ ಹೂತವು.

“ಬೋಲೋ ಬೇಟಾ. ಸಾಕು ಬೋಲೋ,” ಎಂದು ಮೇಲ್ವಿಚಾರಕರು ಬೇಡಿಕೊಂಡರು.

ಅವನು ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡು, ಸರಿಯಾಗಿ ಮಾಡಿದೆನಲ್ಲವೇ ಎಂಬಂತೆ ಅವರ ಮುಖ ನೋಡಿದ. ಕೋಚ್ ಅಳುತ್ತ ಹೊರಗೆ ಹೋದಳು. ಮತ್ತೆ ಹಲವು ದಿನ ಅವಳು ಬಂದು ಜೊತೆಗೆ ನಿಂತಳು, ಪಕ್ಕದ ಹಮಾಲಿ ಕಂಡು ಕೂಗುವಂತೆ ಕೈ ಎತ್ತಿ ತೋರಿಸುವುದನ್ನು ಕಲಿಸಲು ಹೆಣಗಿದಳು. ಎತ್ತಬೇಕಾದ ಕೈಯೇ ತುಟಿಯ ಮೇಲಿತ್ತು. ಮಿಲ್ಲಿನ ಮಾಲೀಕರು ಗದರಲಿಲ್ಲ, ಕ್ಷಮಿಸಿ ಎಂದು ಮಾತ್ರ ಹೇಳಿ ಬೇರೊಬ್ಬನನ್ನು ನಿಲ್ಲಿಸಿಕೊಂಡರು.

ತಾಯಿ ಮಗ ಊರಿಗೆ ಮರಳಿದ ಮೇಲೆ ನಾನು ನಾರಾಯಣಖೇಡದಿಂದ ಶೇರ್ ಆಟೋ ಹಿಡಿದು ಅವರ ಮನೆಗೆ ಹೋದೆ, ಬೇರೆ ಕೆಲಸವೊಂದರ ಪ್ರಸ್ತಾಪದೊಂದಿಗೆ. ಊಟದ ಹೊತ್ತು. ಅವನ ತಟ್ಟೆಗೆ ಜೋಳದ ರೊಟ್ಟಿ, ಬೇಳೆಪಲ್ಯ ಹಾಕಿದ ತಾಯಿ, ಅವನು ತಿಂದಾದ ಮೇಲೆ ತಾನೇ “ಸಾಕು” ಎಂದು ಹೇಳಿ ರೊಟ್ಟಿಯ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು. ನಾನು ನೋಡುತ್ತಿದ್ದುದನ್ನು ಕಂಡು ಹೇಳಿದಳು:

“ಈಗ ಅವ ಸಾಕು ಅನ್ನಂಗಿಲ್ರಿ. ಹಾಕಿದಷ್ಟೂ ತಿಂತಾನ, ಆಮ್ಯಾಲ ಹಿತ್ತಲಕ ಹೋಗಿ ಕಕ್ಕೊಂತಾನ. ಅದಕ್ಕ ಅವನ ಬದ್ಲಿ ನಾನೇ ಅಂತೀನಿ.”

ಹೊಸ ಕೆಲಸದ ಮಾತು ಬಿಟ್ಟುಬಿಟ್ಟೆ. ಏನಾದರೂ ಹೇಳಬೇಕೆಂದು, ನಮ್ಮವರು ಮನೆಗೇ ಬಂದು ಎಲ್ಲ ವಿಚಾರಿಸಿದ್ದರಲ್ಲ ಎಂದೆ.

“ಬಂದಿದ್ರು. ನಮ್ಮ ಅಣ್ಣನ್ನ ಕೇಳಿ ಹೋದ್ರು. ಸಾಕಿದಾಕಿ ನಾನ್ರಿ. ಅವ ಹಸಿವಿಗಿ ಏನಂತಾನ, ನೀರಿಗಿ ಏನಂತಾನ, ಹೆದರಿದ್ರ ಏನಂತಾನ, ನನ್ನ ಯಾರ್ ಕೇಳಿದ್ರು? ಚಾ ಮಾತ್ರ ಕುಡದ್ ಹೋದ್ರು.”

ಒಂದು ಪದಕ್ಕಾಗಿ ಇಷ್ಟು ದೊಡ್ಡ ಆಪಾದನೆಯೇ ಎಂದು ಎದುರು ಪಕ್ಷದವರು ಕೇಳಬಹುದು. ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ ಇದಾಗಿತ್ತು: ಎರಡೂ ಪಕ್ಷಗಳು ಪದಗಳ ಅರ್ಥವನ್ನು ಒಪ್ಪಿಕೊಳ್ಳುವ ಮೊದಲು ವಾದ ಆರಂಭವಾಗುವುದಿಲ್ಲ. ಸ್ಪರ್ಧೆಗಳಿಗೆ ಬೇಕಾದ ಈ ಶಿಸ್ತು ಹೆಚ್ಚು ಮಾತಾಡಲಾಗದವನ ಅನ್ನದ ವಿಷಯದಲ್ಲಿ ಬೇಡವೇ? ಅವನ ಬಳಿ ಇದ್ದದ್ದೇ ಬೆರಳೆಣಿಕೆಯ ಮಾತು. ಅವುಗಳಲ್ಲಿ ಒಂದನ್ನು ಕಳೆಯುವುದೆಂದರೆ ನನ್ನ ನಿಮ್ಮ ಒಂದು ಮಾತು ಕಳೆದಂತಲ್ಲ.

ಜಹೀರಾಬಾದಿನಲ್ಲಿ ತರಬೇತಿ ಮತ್ತೆ ನಡೆಯಿತು. ಮೊದಲ ದಿನದ ಮೊದಲ ಪಾಠವನ್ನು ತಾಯಂದಿರಿಗೆ, ಅವರವರ ಮನೆಮಾತಿಗೆ ಬಿಟ್ಟುಕೊಡಬೇಕೆಂದು ನಾನೂ ಆ ಕೋಚೂ ಕೇಳಿಕೊಂಡೆವು. ವಿಷಯ ಒಳ್ಳೆಯದು, ಸಮಯವಿಲ್ಲ ಎಂಬ ಉತ್ತರ ಬಂತು. ಹಲಗೆಯ ಮೇಲೆ ಮತ್ತೆ ಅದೇ ಸಾಲು ಬರೆದರು. ಮೊಗುಡಂಪಲ್ಲಿಯ ಹಿರಿಯರು ಈ ಸಲ ಕೈಯೆತ್ತಲಿಲ್ಲ.

ಆದ್ದರಿಂದ ಕೇಳುವುದನ್ನು ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಓಣಿಯಿಂದ ಇಂಥ ಒಬ್ಬರು ಮಿಲ್ಲಿಗೋ ಅಂಗಡಿಗೋ ಕೆಲಸಕ್ಕೆ ಹೋಗುತ್ತಿದ್ದರೆ, ಅವರನ್ನು ಸಾಕಿದವರಿಂದ ಅವರ ನಾಲ್ಕು ಮಾತುಗಳನ್ನು ಕೇಳಿ ತಿಳಿದುಕೊಳ್ಳಿ. ಆಮೇಲೆ ಆ ಕೆಲಸದ ಜಾಗಕ್ಕೆ ಒಮ್ಮೆ ಹೋಗಿ, ಅಲ್ಲಿರುವವರಿಗೆ ಆ ಮಾತುಗಳ ಅರ್ಥ ಹೇಳಿ ಬನ್ನಿ.