ಒಂದು ದಿನ ಹಿಂದೆ ಬಿದ್ದ ಅಡುಗೆಮನೆ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವರನ್ನು ಎಲ್ಲರೂ ತುಂಡು ಮಾಸ್ಟರ್ ಎನ್ನುತ್ತಿದ್ದರು. ಹೊಲಿದು ಉಳಿದ ಅಂಗೈಯಗಲದ ಬಟ್ಟೆಯನ್ನೂ ಅವರು ಬಿಸಾಡಿದವರಲ್ಲ. ಅದು ಯಾರದೋ ಪ್ಯಾಂಟಿನ ಜೇಬಿನ ಒಳಪದರವಾಗುತ್ತಿತ್ತು. ಊರಿನ ಮರ್ಯಾದಸ್ಥರೆಲ್ಲ ಒಳಗೆ ಗುಲಾಬಿ ಹೂವಿನ ಜೇಬಿಟ್ಟುಕೊಂಡು ಗಂಭೀರವಾಗಿ ಓಡಾಡುತ್ತಿದ್ದರು.

ಮನೆಯಲ್ಲಿ ಅಡುಗೆಯೂ ಅವರದೇ. ಹೆಂಡತಿ ಬಸ್ ಕಂಡಕ್ಟರ್, ಆಕೆಯ ಪಾಳಿಗೆ ಹೊತ್ತುಗೊತ್ತು ಇರಲಿಲ್ಲ. ಅಡುಗೆಮನೆಯಲ್ಲಿ ಮಾಸ್ಟರರ ಕಾನೂನು ಒಂದೇ: ಮೊದಲು ಉಳಿದದ್ದು, ಆಮೇಲೆ ಹೊಸದು. ಕೇಳಲು ನೆಟ್ಟಗಿರುವ ಕಾನೂನೇ. ಎಡವಟ್ಟಾದದ್ದು ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಮಾಸ್ಟರರ ತಂಗಿ ಮನೆಮಂದಿಯೆಲ್ಲ ಊಟಕ್ಕೆ ಬರುತ್ತೇವೆಂದು ಹೇಳಿ ಕೈಕೊಟ್ಟಳು. ಅಷ್ಟೂ ಅಡುಗೆ ಉಳಿಯಿತು. ಮರುದಿನ ಅದನ್ನೇ ತಿಂದರು. ಆದರೆ ಒಲೆ ಹಚ್ಚದಿದ್ದರೆ ಮಾಸ್ಟರರ ಕೈ ಸುಮ್ಮನಿರುವುದಿಲ್ಲ, ಆ ದಿನದ ಅಡುಗೆಯನ್ನೂ ಮಾಡಿದ್ದರು. ಅದು ಫ್ರಿಜ್ಜಿಗೆ ಹೋಯಿತು. ಅದರ ಮರುದಿನ ಅದನ್ನು ತಿಂದರು, ಹೊಸದು ಫ್ರಿಜ್ಜಿಗೆ ಹೋಯಿತು. ಮಗಳ ಮದುವೆಯಾಗಿ ಅವಳು ಬೇರೆ ಮನೆ ಸೇರಿದರೂ ಇದು ನಿಲ್ಲಲಿಲ್ಲ. ಒಂದು ಕಾಳೂ ಹಾಳಾಗದ ಆ ಮನೆಯಲ್ಲಿ ಅಂದು ಮಾಡಿದ್ದನ್ನು ಅಂದೇ ತಿಂದವರಿರಲಿಲ್ಲ.

ಒಂದು ಶನಿವಾರ ಸಂಜೆ ಹೆಂಡತಿ ಟಿಕೆಟ್ ಚೀಲವನ್ನು ಮೊಳೆಗೆ ತೂಗುಹಾಕಿ, ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು.

“ಸೋಮವಾರದಿಂದ ನಾನು ಡಿಪೋ ಕ್ಯಾಂಟೀನಲ್ಲೇ ಊಟ ಮಾಡ್ತೀನಿ ಕಣ್ರೀ. ಅಲ್ಲಿ ಇವತ್ತಿನ ಅನ್ನ ಇವತ್ತೇ ಹಾಕ್ತಾರೆ.”

“ನಮ್ಮನೇದಕ್ಕೆ ಏನಾಗಿದೆ?”

“ಏನೂ ಆಗಿಲ್ಲ. ನಿನ್ನೆ ಆಗಬೇಕಾಗಿದ್ದ ಊಟ ಇವತ್ತು ಆಗ್ತಿದೆ, ಅಷ್ಟೆ.”

ಜಗಳವಾಡಿದ್ದರೆ ವಾಸಿಯಿತ್ತು. ಆಕೆ ಮುಂದಿನ ನಿಲ್ದಾಣದ ಹೆಸರು ಕೂಗುವಷ್ಟೇ ನಿರಾಳವಾಗಿ ಹೇಳಿದ್ದರು. ದಿನದಲ್ಲಿ ಇಬ್ಬರೂ ಎದುರುಬದುರು ಕೂರುತ್ತಿದ್ದದ್ದು ಆ ಒಂದು ಊಟಕ್ಕೆ ಮಾತ್ರ. ಅದೂ ಹೋದರೆ ಎದುರಿಗೆ ಕೂರಲು ಉಳಿಯುವುದು ಫ್ರಿಜ್ಜು.

ಭಾನುವಾರ ಅಂಗಡಿಗೆ ರಜೆ, ಆಕೆಗೆ ಡ್ಯೂಟಿ. ಮಾಸ್ಟರ್ ತಲೆ ಕೆರೆದುಕೊಂಡರು. ನಿನ್ನೆಯದನ್ನು ಬಿಸಾಡಿದರೆ ಎಲ್ಲವೂ ಸರಿಹೋಗುತ್ತಿತ್ತು. ಡಬ್ಬಿ ಹಿಡಿದು ಕಸದ ಬುಟ್ಟಿಯವರೆಗೂ ಹೋದರು, ಕೈ ಬರಲಿಲ್ಲ. ಪಕ್ಕದ ಮನೆಗೆ ಕೊಡೋಣವೆಂದರೆ ಆ ಮನೆಯವರು ಇವರ ಕೈಯಲ್ಲಿ ಡಬ್ಬಿ ಕಂಡೊಡನೆ “ಈಗಷ್ಟೇ ಊಟ ಆಯ್ತು” ಎನ್ನಲು ಕಲಿತು ಎಷ್ಟೋ ಕಾಲವಾಗಿತ್ತು. ಕೊನೆಗೆ ಚಾಪೆ ಹಾಸಿ ಕೂತು, ಇಬ್ಬರ ಪಾಲಿನ ಅನ್ನ, ಬೇಳೆ, ಬದನೆಕಾಯಿಯನ್ನೆಲ್ಲ ಒಬ್ಬರೇ ಮುಗಿಸಿದರು. ನಡುವೆ ಎದ್ದು ಓಣಿಯ ಕೊನೆಯವರೆಗೆ ನಡೆದು ಬಂದರು. ಮುಗಿದ ಮೇಲೆ ಉಸ್ಸೆನ್ನುತ್ತಾ ಒಲೆ ಹಚ್ಚಿ ಹೊಸ ಅಡುಗೆಗೆ ಇಟ್ಟರು.

ಹೆಂಡತಿ ಬಂದಾಗ ತಟ್ಟೆಯಿಂದ ಹಬೆ ಏಳುತ್ತಿತ್ತು.

“ಇದು ಯಾವತ್ತಿಂದು?”

“ಇವತ್ತಿಂದೇ.”

“ನಿನ್ನೇದು?”

ಮಾಸ್ಟರ್ ಹೊಟ್ಟೆ ತೋರಿಸಿದರು. ಅಂಗಿಯ ಕೆಳಗಿನ ಗುಂಡಿಗಳು ಬಿಚ್ಚಿದ್ದವು.

ಆಕೆ ಕೂತು ಉಂಡರು. ಬಿಸಿಯ ಅಭ್ಯಾಸ ತಪ್ಪಿದ್ದರಿಂದ ನಾಲಿಗೆ ಸುಟ್ಟುಕೊಂಡರು. ಮಾಸ್ಟರರಿಗೆ ಒಂದು ತುತ್ತೂ ಇಳಿಯಲಿಲ್ಲ, ಅವರ ಪಾಲು ಪಾತ್ರೆಯಲ್ಲಿ ಹಾಗೇ ಉಳಿಯಿತು. ಅವರ ಕೈ ತಾನಾಗಿಯೇ ಡಬ್ಬಿಯ ಕಡೆಗೆ ಹೋಯಿತು. ಇದು ಡಬ್ಬಿ ಸೇರಿದರೆ ನಾಳೆಯಿಂದ ಮತ್ತೆ ಅದೇ ಕಥೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಹೆಂಡತಿ ಪಾತ್ರೆಯನ್ನೇ ತಮ್ಮ ಕಡೆಗೆ ಎಳೆದುಕೊಂಡು ಉಣ್ಣತೊಡಗಿದರು.

“ಸಾಕು ಬಿಡು, ಹೊಟ್ಟೆ ಕೆಡುತ್ತೆ,” ಎಂದರು ಮಾಸ್ಟರ್.

“ನನ್ನ ಪಾಲನ್ನೂ ನೀವೊಬ್ಬರೇ ತಿಂದ್ರಲ್ಲ, ಆಗ ಕೆಡಲಿಲ್ವಾ?” ಆಕೆಯ ಕಣ್ಣು ತುಂಬಿತ್ತು. “ನನಗೋಸ್ಕರ ಕಾಯಬೇಕಿತ್ತು ಕಣ್ರೀ. ಇಬ್ಬರೂ ಸೇರಿ ಮುಗಿಸ್ತಿದ್ವಿ.”

ಪಾತ್ರೆ ಖಾಲಿಯಾಯಿತು. ಆಕೆ ಬೆರಳು ನೆಕ್ಕುತ್ತಾ ಕೇಳಿದರು, “ನಾಳೆ ಊಟಕ್ಕೆ ಏನು?”

ಅಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ; ಫ್ರಿಜ್ಜು ತೆರೆದರೆ ಗೊತ್ತಾಗುತ್ತಿತ್ತು. ಮಾಸ್ಟರ್ ಖಾಲಿ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಟ್ಟರು.

“ನಿನಗೆ ಏನು ಬೇಕು?” ಎಂದರು.