ಬಿರುಕಿನ ಮೇಲಿನ ಗಾಜು

ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಮೆಥೋಡಿಸ್ಟ್ ದೇವಾಲಯವನ್ನು ಬಸ್ಸಿನವರು ಗೋಡೌನು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ ಬಿಡಿ. ಗಣಿ ಕೂಲಿಗೆ ಹೋಗುತ್ತಿದ್ದ ನಮ್ಮ ತಾತಂದಿರು ಶಿಫ್ಟು ಮುಗಿಸಿ ಬಂದು, ಸಂಜೆ ಹೊತ್ತು ಕಲ್ಲು ಹೊತ್ತು ಕಟ್ಟಿದ್ದು ಅದು. ಭಾನುವಾರ ರಜೆಯಿದ್ದರೂ ಅವತ್ತು ಕೆಲಸ ಮಾಡುವ ಹಾಗಿರಲಿಲ್ಲವಲ್ಲ!

ಹೆಂಗಸರು ಕೂರುವ ಕಡೆಯ ಗೋಡೆಯಲ್ಲಿ ಒಂದು ಬಿರುಕಿದೆ. ಗಣಿಯೊಳಗೆ ಬಂಡೆ ಸಿಡಿಯುವುದಕ್ಕೆ ನಮ್ಮ ಕಡೆ ಏರ್‌ಬ್ಲಾಸ್ಟ್ ಅಂತಾರೆ. ಅಂಥದ್ದೊಂದರ ಮರುದಿನ ಅದು ಕಂಡಿತು. ಮೈಸೂರು ಮೈನ್ಸ್‌ನಲ್ಲಿ ನೆಲದಡಿ ದುಡಿಯುತ್ತಿದ್ದ ಅಪ್ಪ, ಗಣಿಯ ಪದ್ಧತಿಯಂತೆ ಬಿರುಕಿಗೆ ಅಡ್ಡಲಾಗಿ ಗಾಜಿನ ಚೂರಿಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿದ. "ಗೋಡೆ ಕೂದ್ಲಷ್ಟು ಸರಿದ್ರೂ ಗಾಜು ಒಡೀತದೆ. ಒಡೆದ ದಿನಾನೇ ಬೀಗ ಆಕ್ಬಿಡಿ," ಅಂದಿದ್ದ.

ಗಣಿ ಮುಚ್ಚಿತು, ಅಪ್ಪನೂ ಹೋದ. ಸುರಂಗಗಳಲ್ಲೆಲ್ಲ ನೀರು ತುಂಬಿದೆ ಅಂತಾರೆ. ಈಗಲೂ ಒಮ್ಮೊಮ್ಮೆ ನೆಲ ಗುರ್ ಅನ್ನುತ್ತದೆ. ಹಾಗಾದಾಗಲೆಲ್ಲ ಸಭೆಯವರು ಬಂದು ಗಾಜು ನೋಡಿ, ಒಡೆದಿಲ್ಲವೆಂದು ಸ್ತೋತ್ರ ಹೇಳಿ ಹೋಗುತ್ತಿದ್ದರು. ದೇವರಿಗಿಂತ ಆ ಗಾಜನ್ನೇ ಹೆಚ್ಚು ನಂಬಿದ್ದರು ಅಂದರೆ ನಮ್ಮ ಪಾದ್ರಿ ಅಯ್ಯನವರು ಬೇಜಾರು ಮಾಡಿಕೊಳ್ಳಬಾರದು. ದೇವಾಲಯ ಗುಡಿಸುವುದು ಅಮ್ಮನ ಕೆಲಸ, ಬೀಗದ ಕೈ ಅವಳ ಸೆರಗಿನ ಗಂಟಿನಲ್ಲಿ.

ಹೋದ ವರ್ಷ, ಹೊಸ ಫಸಲನ್ನು ದೇವಾಲಯಕ್ಕೆ ತಂದೊಪ್ಪಿಸುವ ಬೆಳೆ ಹಬ್ಬದ ವಾರ, ನೆಲ ಜೋರಾಗಿಯೇ ಅಲುಗಿತ್ತು. ಗಾಜಿಗೇನೂ ಆಗಿಲ್ಲ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಹಬ್ಬದ ಹಿಂದಿನ ದಿನ ನಾನು ಆಂಡರ್ಸನ್‌ಪೇಟೆಯಿಂದ ಬಂದಾಗ ಅವಳು ಮನೆಯಲ್ಲಿರಲಿಲ್ಲ. ಧೂಳು ಹಿಡಿದಿದ್ದ ಅಪ್ಪನ ಫೋಟೋ ಒರೆಸಲು ಹೋದೆ. ಚೌಕಟ್ಟಿಗೆ ಗಾಜೇ ಇಲ್ಲ. ಅದು ಎಲ್ಲಿಗೆ ಹೋಗಿರಬಹುದೆಂದು ಹೊಳೆಯಿತು. ಚಪ್ಪಲಿಯನ್ನೂ ಹಾಕದೆ ದೇವಾಲಯಕ್ಕೆ ಓಡಿದೆ.

ಅಮ್ಮ ಚಾಪೆ ಹಾಸುತ್ತಿದ್ದಳು. ಬಿರುಕಿನ ಮೇಲಿನ ಗಾಜು ಫಳಫಳ ಹೊಳೆಯುತ್ತಿತ್ತು. ಸಿಮೆಂಟೂ ಹೊಸದು.

"ಎಷ್ಟು ಸಲ ಬದಲಾಯಿಸಿದ್ದೀಯಮ್ಮಾ?"

"ಒಡೆದಾಗೆಲ್ಲ. ಈ ಸಲ ಬೇರೆ ಗಾಜು ಸಿಗ್ಲಿಲ್ಲ," ಅಂದಳು, ತಲೆಯೆತ್ತದೆ.

"ಬುದ್ಧಿ ಐತಾ ನಿಂಗೆ? ನಾಳೆ ಮಕ್ಕಳುಮರಿ ಎಲ್ಲಾ ಈ ಗೋಡೆ ಪಕ್ಕಾನೇ ಕೂರೋದು!"

"ಕೂಗ್ಬೇಡ ಕಣೇ. ಮೈನ್ಸಿಗೆ ಬೀಗ ಆಕುದ್ರಲ್ಲ, ತಿರುಗಾ ಯಾರಾನ ತೆಗುದ್ರಾ? ಇದ್ಕೂ ಆಕುದ್ರೆ ಅಷ್ಟೇಯ. ನಮ್ಮ ಮದುವೆ ಆಗಿದ್ದು ಇಲ್ಲೇ, ನಿಮ್ಮಪ್ಪನ್ನ ಕಳಿಸ್ಕೊಟ್ಟಿದ್ದೂ ಇಲ್ಲೇ. ನಾನೆಲ್ಲಿಗೆ ಓಗ್ಲಿ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಯ್ಯನವರಿಗೆ ಹೇಳಲು ಫೋನು ತೆಗೆದೆ. ಅಮ್ಮ ಕಿತ್ತುಕೊಂಡಳು. ಅಷ್ಟರಲ್ಲಿ ಕಾಲಡಿಯ ನೆಲ ಗುರ್ ಅಂದಿತು. ಗೋಡೆಯ ಕಡೆಯಿಂದ ಟಿಕ್ ಅಂತ ಸಣ್ಣ ಸದ್ದು. ಅಪ್ಪನ ಫೋಟೋದ ಗಾಜು ನಮ್ಮ ಕಣ್ಣೆದುರೇ ಎರಡು ಹೋಳಾಗಿತ್ತು.

ಅಮ್ಮ ಅದನ್ನೇ ನೋಡುತ್ತ ನಿಂತಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದಳು.

"ನಿಮ್ಮಪ್ಪನೇ ಬೀಗ ಆಕು ಅಂದ್ಮೇಲೆ ಇನ್ನೇನೈತೆ. ನೀನೇ ಆಕು, ನನ್ನ ಕೈಲಾಗಲ್ಲ."

ಬೆಳೆ ಹಬ್ಬ ಆಚೆ ಹೊಂಗೆ ಮರದ ಕೆಳಗೆ ನಡೆಯಿತು. ಗೋಡೆ ಇನ್ನೂ ನಿಂತಿದೆ. ಆ ಬೀಗವನ್ನು ಇವತ್ತಿನವರೆಗೂ ಯಾರೂ ತೆಗೆದಿಲ್ಲ. ಅಮ್ಮ ಶನಿವಾರ ಹೋಗಿ ಹೊರಗಿನ ಮೆಟ್ಟಿಲಷ್ಟೇ ಗುಡಿಸಿ ಬರುತ್ತಾಳೆ, ಬೀಗದ ಕೈ ಕೇಳುವುದಿಲ್ಲ.